ಸ್ಮಾರ್ಟ್ ಬ್ಯಾಂಡ್ ಕೊಳ್ಳುವ ಮುಂಚೆ ಕೋಟೆ ಒಂದು ಸುತ್ತು ಬನ್ನಿ

ಪ್ರಶ್ನೆ: ನಾವು ಚಿತ್ರದುರ್ಗದಲ್ಲಿ ಸಣ್ಣದೊಂದು ಟೂರ್ ಸಂಸ್ಥೆ ನಡೆಸುತ್ತೇವೆ. ಬೆಂಗಳೂರು, ದಾವಣಗೆರೆ ಕಡೆಯಿಂದ ಬರುವ ಗುಂಪುಗಳನ್ನು ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿ ಕಾಡು, ಮಾರಿಕಣಿವೆ ಅಣೆಕಟ್ಟಿಗೆ ಕರೆದುಕೊಂಡು ಹೋಗುತ್ತೇವೆ. ಜಾಸ್ತಿ ಶಾಲೆ ಮಕ್ಕಳೇ. ಕಳೆದ ಡಿಸೆಂಬರಿನಲ್ಲಿ ಎಂಟನೇ ಕ್ಲಾಸಿನ ಹುಡುಗನೊಬ್ಬ ಕೋಟೆಯಲ್ಲಿ ಗುಂಪು ಬಿಟ್ಟು ಹೋಗಿ ಒಂದೂವರೆ ಗಂಟೆ ಸಿಗಲಿಲ್ಲ. ಕೊನೆಗೆ ಸಿಕ್ಕ, ಏನೂ ಆಗಿರಲಿಲ್ಲ. ಆದರೆ ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಈಗ ಒಂದು ಕಂಪನಿಯವರು ಬಂದಿದ್ದಾರೆ. ಎಲ್ಲರ ಕೈಗೂ ಸ್ಮಾರ್ಟ್ ಬ್ಯಾಂಡ್ ಕಟ್ಟಿದರೆ ಯಾರು ಎಲ್ಲಿದ್ದಾರೆ ಅಂತ ಫೋನಿನಲ್ಲೇ ಕಾಣುತ್ತದಂತೆ. ಗುಂಡಿ ಒತ್ತಿದರೆ ಪೊಲೀಸರಿಗೆ ಸುದ್ದಿ ಹೋಗುತ್ತದಂತೆ. ಎದೆಬಡಿತ ಏರಿದರೂ ಅಲಾರಂ ಬರುತ್ತದಂತೆ. 50 ಬ್ಯಾಂಡಿಗೆ ಒಂದೂಮುಕ್ಕಾಲು ಲಕ್ಷ, ತಿಂಗಳ ಚಂದಾ ಬೇರೆ. ತಗೊಳ್ಳಬಹುದಾ?
(ಹೆಸರು ಬೇಡ ಎಂದಿರುವ ಓದುಗರು, ಚಿತ್ರದುರ್ಗ)

ಉತ್ತರ: ಈಗಲೇ ತಗೊಳ್ಳಬೇಡಿ. ಬ್ಯಾಂಡ್ ಕೆಟ್ಟ ವಸ್ತು ಅಂತ ಹೇಳುತ್ತಿಲ್ಲ. ನಿಮ್ಮ ಹುಡುಗ ಕಾಣೆಯಾದ ಆ ಒಂದೂವರೆ ಗಂಟೆಯಲ್ಲಿ ಅದು ಕೈಯಲ್ಲಿದ್ದಿದ್ದರೆ ಏನಾಗುತ್ತಿತ್ತು ಅಂತ ಒಂದೊಂದೇ ಹೆಜ್ಜೆ ಲೆಕ್ಕ ಹಾಕಿ ನೋಡೋಣ. ಒಂದೂಮುಕ್ಕಾಲು ಲಕ್ಷಕ್ಕೆ ತಕ್ಕ ಕೆಲಸ ಅದರಲ್ಲಿ ನನಗಂತೂ ಕಾಣುತ್ತಿಲ್ಲ.

ನಾನು ದಾವಣಗೆರೆಯವನು. ಇಂಥ ಸಾಧನ ಕೂರಿಸೋದೇ ನನ್ನ ಹೊಟ್ಟೆಪಾಡು. ಕೆರೆ ನೀರಿನ ಮಟ್ಟ ಅಳೆಯುವ ಸೆನ್ಸರ್, ಬಸ್ಸಿನ ಜಿಪಿಎಸ್, ಗೋದಾಮಿನ ಅಲಾರಂ, ಎಲ್ಲ ಮಾಡಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ಪ್ರವಾಸಿ ಜಾಗದಲ್ಲಿ ಕೆಂಪು ಗುಂಡಿಯ ಕಂಬಗಳನ್ನು ನಿಲ್ಲಿಸಿದ್ದೆ. ಹೆಸರು ಬೇಡ. ಗುಂಡಿ ಒತ್ತಿದರೆ ಕಚೇರಿಯ ಪರದೆ ಮೇಲೆ ಕೆಂಪು ಚುಕ್ಕೆ ಮಿಣುಕಬೇಕು, ಪೀಪಿ ಊದಬೇಕು. ಉದ್ಘಾಟನೆ ದಿನ ಎಲ್ಲ ಸರಿಯಾಗಿಯೇ ಊದಿತು. ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಒಬ್ಬ ಹೆಂಗಸು ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡರು. ಮೂರು ಸಲ ಗುಂಡಿ ಒತ್ತಿದರು. ಸೋಮವಾರ ನಾನು ಹೋಗಿ ನೋಡಿದೆ. ಪರದೆ ಮೇಲೆ ಮೂರೂ ಚುಕ್ಕೆ ಇದ್ದವು, ಗಂಟೆ-ನಿಮಿಷದ ಸಮೇತ. ಪರದೆ ಇದ್ದ ಕೋಣೆಗೆ ಭಾನುವಾರ ಬೀಗ. ಕೀಲಿ ಇಟ್ಟುಕೊಂಡವರು ಮದುವೆಗೆ ಹೋಗಿದ್ದರು. ಆ ಹೆಂಗಸನ್ನು ಕೊನೆಗೆ ಕೆಳಗಿಳಿಸಿದ್ದು ಕಡಲೆಕಾಯಿ ಮಾರುವ ಇಬ್ಬರು ಹುಡುಗರು. ನನ್ನ ಸೆನ್ಸರು, ಸರ್ವರು, ಸೋಲಾರ್ ಪ್ಯಾನೆಲ್ಲು ಯಾವುದೂ ಕೆಟ್ಟಿರಲಿಲ್ಲ. ಕೇಳುವವರು ಇರಲಿಲ್ಲ, ಅಷ್ಟೇ.

ಇದನ್ನು ನಿಮ್ಮೂರಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ ಬಿಡಿ. ಓಬವ್ವನ ಕಥೆ ಇರೋದೇ ಇದರ ಮೇಲೆ ಅಲ್ವಾ? ಕಹಳೆ ಊದುವ ಕಾವಲುಗಾರ ಊಟಕ್ಕೆ ಮನೆಗೆ ಬಂದ. ಕಿಂಡಿ ಹತ್ತಿರ ಯಾರೂ ಇಲ್ಲ. ಹೈದರಾಲಿಯ ಸೈನಿಕರಿಗೆ ಬೇಕಾಗಿದ್ದೂ ಅಷ್ಟೇ ಹೊತ್ತು. ನೀರು ತರಲು ಹೋದ ಹೆಂಡತಿ ಕಂಡಿದ್ದಕ್ಕೆ ಸರಿಹೋಯಿತು. ನಾವು ಒನಕೆಗೆ ಕೈ ಮುಗಿಯುತ್ತೇವೆ, ಮುಗಿಯಬೇಕಾದ್ದೇ. ನನ್ನಂಥ ಅಲಾರಂ ಕೂರಿಸುವವನ ಕಣ್ಣಿಗೆ ಮಾತ್ರ ಅಲ್ಲಿ ಮೊದಲು ಬೀಳೋದು ಊಟದ ಹೊತ್ತಿಗೆ ಬದಲಿ ಆಳು ಇರಲಿಲ್ಲ ಅನ್ನೋದು.

ಆದ್ದರಿಂದ ಕಂಪನಿಯವರನ್ನು ಮೊದಲು ಕೇಳಬೇಕಾದ್ದು ಬ್ಯಾಂಡಿನ ಬಗ್ಗೆ ಅಲ್ಲ. ಗುಂಡಿ ಒತ್ತಿದರೆ ಯಾರ ಫೋನು ಬಡಿಯುತ್ತೆ? ಅವರು ಆ ಹೊತ್ತಿಗೆ ಎಲ್ಲಿರುತ್ತಾರೆ? ಅವರು ಎತ್ತದಿದ್ದರೆ ಮುಂದೆ ಯಾರಿಗೆ ಹೋಗುತ್ತೆ? 'ಪೊಲೀಸರಿಗೆ ಸುದ್ದಿ ಹೋಗುತ್ತದೆ' ಅನ್ನುವ ಮಾತಿಗೆ ಬರಹದಲ್ಲಿ ದಾಖಲೆ ಕೇಳಿ. ಖಾಸಗಿ ಕಂಪನಿಯ ಬ್ಯಾಂಡು ತಾನಾಗಿಯೇ ತುರ್ತು ಕರೆಯ 112ರ ವ್ಯವಸ್ಥೆಗೆ ಸೇರಿಕೊಳ್ಳೋದಿಲ್ಲ. ಎಷ್ಟೋ ಕಡೆ ಸುದ್ದಿ ಹೋಗೋದು ಕಂಪನಿಯ ಕಾಲ್ ಸೆಂಟರಿಗೆ. ಅಲ್ಲಿ ಕೂತ ಹುಡುಗ 112ಕ್ಕೆ ಫೋನು ಮಾಡಬೇಕು. ಅವನು ಇನ್ಯಾವುದೋ ಊರಿನವನು. ಕೋಟೆಯೊಳಗೆ ತಣ್ಣೀರು ದೋಣಿ ಎಲ್ಲಿ, ತುಪ್ಪದ ಕೊಳ ಎಲ್ಲಿ ಅಂತ ಅವನಿಗೇನು ಗೊತ್ತು?

ಇನ್ನು 'ಯಾರು ಎಲ್ಲಿದ್ದಾರೆ ಫೋನಿನಲ್ಲೇ ಕಾಣುತ್ತದೆ' ಅನ್ನೋ ಮಾತು. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬ್ಯಾಂಡು ತಾನೆಲ್ಲಿದ್ದೇನೆ ಅಂತ ತಿಳಿದುಕೊಳ್ಳೋದು ಜಿಪಿಎಸ್‌ನಿಂದ. ಅದನ್ನು ನಿಮಗೆ ತಿಳಿಸೋದು ಮೊಬೈಲ್ ನೆಟ್‌ವರ್ಕಿನಿಂದ. ಎರಡೂ ಬೇರೆ ಬೇರೆ. ನಮ್ಮ ಕೋಟೆಯಲ್ಲಿ ಎರಡಕ್ಕೂ ಕಷ್ಟ.

ಜಿಪಿಎಸ್ ಉಪಗ್ರಹ ಇರೋದು 20,000 ಕಿ.ಮೀ.ಗೂ ಮೇಲೆ. ಅಲ್ಲಿಂದ ಬರುವ ಸಿಗ್ನಲ್ ತೀರಾ ಮೆಲ್ಲಗಿನದು. ಬಯಲಲ್ಲಿ ನಿಂತರೆ ಐದಾರು ಮೀಟರ್ ಆಚೀಚೆಗೆ ಸರಿಯಾಗಿ ತೋರಿಸುತ್ತೆ. ಎರಡು ಬಂಡೆಯ ನಡುವೆ ನಿಂತರೆ ಅದೇ ಸಿಗ್ನಲ್ ಕಲ್ಲಿಗೆ ಬಡಿದು ಸುತ್ತು ಹೊಡೆದು ಬರುತ್ತೆ. ಆಗ ಚುಕ್ಕೆ ಇಪ್ಪತ್ತು ಮೂವತ್ತು ಮೀಟರ್ ಪಕ್ಕಕ್ಕೆ ಕೂರುತ್ತೆ. ಬೆಂಗಳೂರಿನ ರಸ್ತೆಯಲ್ಲಿ ಇಪ್ಪತ್ತು ಮೀಟರ್ ಅಂದರೆ ಪಕ್ಕದ ಅಂಗಡಿ. ಏಳು ಸುತ್ತಿನ ಕೋಟೆಯಲ್ಲಿ ಇಪ್ಪತ್ತು ಮೀಟರ್ ಅಂದರೆ ಗೋಡೆಯ ಆಚೆ ಬದಿ! ಆಚೆ ಬದಿಗೆ ಹೋಗಬೇಕಾದರೆ ಬಾಗಿಲು ಹುಡುಕಿ ಬಳಸಿಕೊಂಡು ಹೋಗಬೇಕು. ಮೇಲೆ-ಕೆಳಗೆ ಅನ್ನೋದು ಬೇರೆ. ಮೇಲಿನ ಬತೇರಿಯಲ್ಲಿ, ಅಂದರೆ ಕಾವಲು ಬುರುಜಿನಲ್ಲಿದ್ದಾನೋ ಅದರ ಕೆಳಗಿನ ಬಂಡೆ ಸಂದಿಯಲ್ಲಿದ್ದಾನೋ, ನಕ್ಷೆ ಮೇಲೆ ಎರಡೂ ಒಂದೇ ಚುಕ್ಕೆ. ಶತ್ರು ದಾರಿ ತಪ್ಪಲಿ ಅಂತಲೇ ಪಾಳೆಗಾರರು ಕಟ್ಟಿಸಿದ ಕೋಟೆ ಅದು. ನಿಮ್ಮ ಹುಡುಗ ದಾರಿ ತಪ್ಪಿದ ಅಂದರೆ ಕೋಟೆ ಇವತ್ತಿಗೂ ಚೆನ್ನಾಗಿಯೇ ಕೆಲಸ ಮಾಡುತ್ತಿದೆ ಅಂತ ಅರ್ಥ.

ನೆಟ್‌ವರ್ಕಿನ ಕಥೆ ನೀವೇ ನೋಡಿ ಬನ್ನಿ. ಬೇರೆ ಬೇರೆ ಕಂಪನಿಯ ಸಿಮ್ ಹಾಕಿದ ಎರಡು ಫೋನು, ಒಂದು ನೋಟ್‌ಬುಕ್, ಅರ್ಧ ದಿನ. ಒಮ್ಮೆ ನಾನು ಹೀಗೆ ಹೋಗಿದ್ದೆ. ಸಂಪಿಗೆ ಸಿದ್ದೇಶ್ವರ, ಹಿಡಿಂಬೇಶ್ವರ ಗುಡಿಗಳ ಕಡೆ ಬಯಲಲ್ಲಿ ನಿಂತಾಗ ಊರೆಲ್ಲ ಕಾಣುತ್ತಿತ್ತು, ಫೋನಿನ ಸಿಗ್ನಲ್ ಕಡ್ಡಿಯೂ ತುಂಬ ಇತ್ತು. ಬಂಡೆ ಸಂದಿಗೆ ನಾಲ್ಕು ಹೆಜ್ಜೆ ಇಳಿದೆ, ಎರಡು ಕಡ್ಡಿ ಹೋಯಿತು. ಇನ್ನೂ ಆರು ಹೆಜ್ಜೆ, ಒಂದು ಫೋನು ಸತ್ತೇ ಹೋಯಿತು, ಇನ್ನೊಂದು 'ಎಮರ್ಜೆನ್ಸಿ ಕಾಲ್ಸ್ ಓನ್ಲಿ' ಅಂದಿತು. ಟವರು ಅಲ್ಲೇ ಕೆಳಗೆ ಊರಲ್ಲಿದೆ. ನಡುವೆ ಕಗ್ಗಲ್ಲು ಅಡ್ಡ ಕೂತಿದೆ, ಅಷ್ಟೇ. ನಾನು ಇದನ್ನೆಲ್ಲ ಬರೆದುಕೊಳ್ಳುತ್ತಾ ನಿಂತಿದ್ದಾಗ ಕೋತಿಯೊಂದು ಬಂದು ಬ್ಯಾಗಿನಿಂದ ಇಣುಕುತ್ತಿದ್ದ ಚಾರ್ಜರ್ ವೈರನ್ನು ಎಳೆದುಕೊಂಡು ಹೋಯಿತು. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೋಟೆ ಮೇಲೆ ನೇತುಬೀಳುವ ವೈರು, ಹೊಳೆಯುವ ಪೆಟ್ಟಿಗೆ ಏನಿದ್ದರೂ ಒಂದು ವಾರ ಉಳಿದರೆ ಹೆಚ್ಚು.

ಎದೆಬಡಿತದ ಅಲಾರಂ ಬಗ್ಗೆ ಒಂದೇ ಲೆಕ್ಕ ಹೇಳುತ್ತೇನೆ. ಬೇಸಗೆಯಲ್ಲಿ ಆ ಮೆಟ್ಟಿಲು ಹತ್ತಿದರೆ ನನ್ನ ಎದೆಯೂ 150ಕ್ಕೆ ಬಡಿಯುತ್ತೆ, ನಿಮ್ಮದೂ ಬಡಿಯುತ್ತೆ. ಒಂದು ಬ್ಯಾಂಡು ಹತ್ತು ಗಂಟೆಗೆ ಒಂದೇ ಒಂದು ಸುಳ್ಳು ಅಲಾರಂ ಕೊಡುತ್ತೆ ಅಂತ ಇಟ್ಟುಕೊಳ್ಳಿ. 50 ಬ್ಯಾಂಡು, ಆರು ಗಂಟೆ ಪ್ರವಾಸ. 30 ಸುಳ್ಳು ಅಲಾರಂ! ಐದನೆಯದಕ್ಕೇ ನಿಮ್ಮ ಕೆಲಸದ ಹುಡುಗ ಫೋನು ಸೈಲೆಂಟ್ ಮಾಡುತ್ತಾನೆ. ಮೂವತ್ತೊಂದನೆಯದು ನಿಜವಾದದ್ದಾದರೆ ಕೇಳೋರು ಯಾರು? ಬಿಸಿಲಿಗೆ ಬಳಲಿದವರನ್ನು ಮುಖ ನೋಡಿಯೇ ಹೇಳಬಹುದು. ಮಾತು ಕಡಿಮೆಯಾಗುತ್ತೆ, ನೆರಳು ಕಂಡಲ್ಲೆಲ್ಲ ಕೂರುತ್ತಾರೆ. ನೀರು, ಓಆರ್‌ಎಸ್ ಪೊಟ್ಟಣ, ಟೋಪಿ ಇದ್ದರೆ ಸಾಕು. ಮಾರ್ಚ್ ಬಂದ ಮೇಲೆ ಹನ್ನೊಂದರ ನಂತರ ಹತ್ತಿಸಬೇಡಿ. ಆ ಕಲ್ಲು ಕಾದರೆ ಸಂಜೆಯವರೆಗೂ ಆರಲ್ಲ.

ಸರಿ, ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು?

ಮೊದಲ ಕೆಲಸಕ್ಕೆ ದುಡ್ಡೇ ಬೇಡ. ಜಾಗಗಳಿಗೆ ನಂಬರು ಕೊಡಿ. ನಿಮ್ಮ ಗೈಡುಗಳು ಕರೆದೊಯ್ಯುವ ದಾರಿಯಲ್ಲಿ ಇಪ್ಪತ್ತು ಇಪ್ಪತ್ತೈದು ಗುರುತು ಹಿಡಿಯಿರಿ. ಬಾಗಿಲುಗಳು, ಮದ್ದು ಬೀಸುವ ಕಲ್ಲು, ಏಕನಾಥೇಶ್ವರಿ ಗುಡಿ, ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಓಬವ್ವನ ಕಿಂಡಿ, ತುಪ್ಪದ ಕೊಳದ ಮೆಟ್ಟಿಲ ಬುಡ, ಮೆಟ್ಟಿಲ ತುದಿ. ಪ್ರತಿ ಗುರುತಿನ ಮೇಲೂ ಬಯಲಲ್ಲಿ ನಿಂತು ಫೋನಿನಲ್ಲಿ ಪ್ಲಸ್ ಕೋಡ್ ತೆಗೆದು ಬರೆದುಕೊಳ್ಳಿ. ಗೂಗಲ್ ಮ್ಯಾಪಿನಲ್ಲಿ ಬೆರಳು ಒತ್ತಿ ಹಿಡಿದರೆ ಅಕ್ಷರ-ಅಂಕಿ ಸೇರಿದ ಒಂದು ಚಿಕ್ಕ ಕೋಡು ಬರುತ್ತಲ್ಲ, ಅದೇ. ಇಂಟರ್ನೆಟ್ ಇಲ್ಲದ ಫೋನು ಇದ್ದರೂ ಬಾಯಲ್ಲಿ ಹೇಳಬಹುದು. ಇವನ್ನೆಲ್ಲ ಒಂದು ಹಾಳೆಗೆ ಇಳಿಸಿ, ಲ್ಯಾಮಿನೇಟ್ ಮಾಡಿ. ಒಂದು ಗೈಡಿನ ಕೊರಳಿಗೆ, ಒಂದು ಕೆಳಗೆ ಬಸ್ಸಿನಲ್ಲಿ ಕೂರುವವರಿಗೆ, ಒಂದು ಟಿಕೆಟ್ ಕೌಂಟರಿನವರಿಗೆ, ಇನ್ನೊಂದು ಠಾಣೆಗೆ. 'ಹೊಂಡದ ಹತ್ತಿರ ಇದ್ದೀವಿ' ಅಂದರೆ ಯಾವ ಹೊಂಡ? 'ಹದಿನಾಲ್ಕರಿಂದ ಹದಿನೈದಕ್ಕೆ ಹೋಗುವಾಗ ಎಡಕ್ಕೆ' ಅಂದರೆ ಹುಡುಕಾಟ ಅರ್ಧ ಮುಗಿದಂತೆ.

ಆ ನಂಬರನ್ನು ಕಲ್ಲಿನ ಮೇಲೆ ಬಣ್ಣದಲ್ಲಿ ಬರೆಯಲು ಹೋಗಬೇಡಿ ಮತ್ತೆ. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಕಾಯ್ದೆ ಪ್ರಕಾರ ಬಣ್ಣ ಹಚ್ಚೋದು, ಮೊಳೆ ಹೊಡೆಯೋದು ಅಪರಾಧ. 2010ರ ತಿದ್ದುಪಡಿ ಬಂದ ಮೇಲೆ ಸುತ್ತ 100 ಮೀಟರಿನೊಳಗೆ ಹೊಸದಾಗಿ ಏನೂ ಕಟ್ಟುವ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಕಟ್ಟಲು ಅನುಮತಿ ಬೇಕು. ಕಂಪನಿಯವರು 'ಮೇಲೊಂದು ಕಂಬ ಹಾಕ್ತೀವಿ ಸಾರ್' ಅಂದರೆ ಅನುಮತಿ ಪತ್ರ ಯಾರು ತರುತ್ತಾರೆ ಅಂತಲೂ ಕೇಳಿ. ಇಲಾಖೆಯವರೇ ನಂಬರಿನ ಫಲಕ ನಿಲ್ಲಿಸಿದರೆ ತುಂಬಾ ಒಳ್ಳೆಯದು. ನೀವು, ಗೈಡುಗಳು, ಹೋಟೆಲಿನವರು ಸೇರಿ ಅರ್ಜಿ ಕೊಟ್ಟು ನೋಡಿ.

ಎರಡನೆಯದು ವಾಕಿ-ಟಾಕಿ. ನಗಬೇಡಿ. ಬಂಡೆಯ ಊರಿಗೆ ಟವರು ಬೇಡದ ಸಾಧನವೇ ಬೇಕು. ನಮ್ಮ ದೇಶದಲ್ಲಿ 446.0ರಿಂದ 446.2 ಮೆಗಾಹರ್ಟ್ಜ್‌ನ ಕಡಿಮೆ ಶಕ್ತಿಯ ಸೆಟ್ಟುಗಳಿಗೆ 2018ರಿಂದ ಲೈಸೆನ್ಸ್ ಬೇಕಾಗಿಲ್ಲ. ಆದರೆ ಆ ಸೆಟ್ಟಿನ ಮಾದರಿಗೆ ಸರ್ಕಾರದ ಒಪ್ಪಿಗೆ ಇರಬೇಕು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಯಾವ ತರಂಗಕ್ಕೆ ಬೇಕಾದರೂ ತಿರುಗಿಸಬಹುದಾದ ಸೆಟ್ಟುಗಳನ್ನು ಮುಟ್ಟಬೇಡಿ. ಅವುಗಳಲ್ಲಿ ಪೊಲೀಸರ ತರಂಗಕ್ಕೆ ಕೈ ಹಾಕಿದಂತಾಗಿ ನೀವೇ ಠಾಣೆ ಮೆಟ್ಟಿಲು ಹತ್ತಬೇಕಾದೀತು. ಮುಂದೆ ಹೋಗುವ ಗೈಡಿಗೆ ಒಂದು, ಕೊನೆಯಲ್ಲಿ ಬರುವವರಿಗೆ ಒಂದು, ಬಯಲಿರುವ ಎತ್ತರದ ಜಾಗದಲ್ಲಿ ನಿಂತವರಿಗೆ ಒಂದು. ಇವರೂ ಬಂಡೆ ಹಿಂದೆ ಹೋದರೆ ಮಾತು ಕಡಿಯುತ್ತೆ. ಅದಕ್ಕೇ ಎತ್ತರದಲ್ಲಿ ಒಬ್ಬರು ಬೇಕು. ಬತೇರಿ ಮೇಲೆ ಕಾವಲು ನಿಲ್ಲಿಸುತ್ತಿದ್ದರಲ್ಲ, ಕಾರಣ ಹೆಚ್ಚುಕಡಿಮೆ ಇದೇ.

ಮೂರನೆಯದು ಮಕ್ಕಳ ಲೆಕ್ಕ. ಇಲ್ಲಿ ಬೇಕಾದರೆ ಸ್ವಲ್ಪ ಸ್ಮಾರ್ಟ್ ವಸ್ತು ಬಳಸಿ. ಬ್ಲೂಟೂತ್ ಟ್ಯಾಗುಗಳು ಬರುತ್ತವೆ, ಕೀಲಿಗೊಂಚಲಿಗೆ ಹಾಕುವಂಥವು. ಬ್ಯಾಂಡಿನ ಮುಂದೆ ಅವುಗಳ ಬೆಲೆ ತೀರಾ ಕಡಿಮೆ. ಗುಂಪಿನ ಕೊನೆಯಲ್ಲಿ ಬರುವ ಮೇಷ್ಟರ ಫೋನಿನಲ್ಲಿ 'ಇಂಥ ನಂಬರಿನ ಟ್ಯಾಗು ನಿಮ್ಮಿಂದ ದೂರ ಹೋಯಿತು' ಅಂತ ತಕ್ಷಣ ಬಡಿದುಕೊಂಡರೆ ಸಾಕು. ಹುಡುಗ ಎಲ್ಲಿದ್ದಾನೆ ಅಂತ ಅದು ಹೇಳಲ್ಲ. ಯಾವಾಗ ತಪ್ಪಿದ ಅಂತ ಹೇಳುತ್ತೆ. ನಿಮ್ಮ ಪ್ರಕರಣದಲ್ಲಿ ಒಂದೂವರೆ ಗಂಟೆ ಆಗಿದ್ದು ಯಾಕೆ? ನನ್ನ ಊಹೆ: ಅವನು ಇಲ್ಲ ಅಂತ ಗೊತ್ತಾಗಿದ್ದೇ ತಡವಾಗಿ. ಐದು ನಿಮಿಷದಲ್ಲಿ ಗೊತ್ತಾಗಿದ್ದರೆ ಹಿಂದಿನ ಬಾಗಿಲ ಹತ್ತಿರವೇ ಸಿಗುತ್ತಿದ್ದ. ಟ್ಯಾಗಿಗೂ ದುಡ್ಡಿಲ್ಲದಿದ್ದರೆ ಜೋಡಿ ಮಾಡಿ ಬಿಡಿ. ಪ್ರತಿ ಗುರುತಿನಲ್ಲಿ ನಿಂತು 'ನಿನ್ನ ಜೋಡಿ ಎಲ್ಲಿ' ಅಂತ ಕೇಳಿ. ಜೊತೆಗೆ ಕೈಗೆ ಕಾಗದದ ಪಟ್ಟಿ, ಅದರ ಮೇಲೆ ನಿಮ್ಮ ಸಂಸ್ಥೆಯ ಫೋನ್ ನಂಬರು. ಹುಡುಗನ ಹೆಸರು ಬರೆಯಬೇಡಿ. ಹೆಸರು ಹಿಡಿದು ಕರೆದವರ ಹಿಂದೆ ಮಕ್ಕಳು ಸುಮ್ನೆ ಹೋಗಿಬಿಡುತ್ತಾರೆ.

ಕೆಲವರು 'ಕಳೆದ ವಸ್ತು ಹುಡುಕುವ ದುಬಾರಿ ಟ್ಯಾಗು ಹಾಕಿದರೆ ಎಲ್ಲಿದ್ದರೂ ಕಾಣುತ್ತೆ' ಅಂತಾರೆ. ಅದು ಕೆಲಸ ಮಾಡೋದು ಸುತ್ತ ಓಡಾಡುವ ಬೇರೆಯವರ ಫೋನುಗಳಿಂದ. ದಾವಣಗೆರೆ ದುಗ್ಗಮ್ಮನ ಜಾತ್ರೆಯಲ್ಲಿ ಕಾಣುತ್ತೆ, ಫೋನುಗಳ ಸಂತೆಯೇ ಇರುತ್ತಲ್ಲ. ಜೋಗಿಮಟ್ಟಿಯ ಕಾಡಲ್ಲಿ ಅದು ಬರೀ ಅಂಗಿ ಗುಂಡಿ.

ಇವೆಲ್ಲ ಒಂದು ವರ್ಷ ನಡೆದು, ಇನ್ನೂ ಮುಂದೆ ಹೋಗೋಣ ಅನಿಸಿದರೆ ಆಗ ಲೋರಾ ಬಗ್ಗೆ ಯೋಚಿಸಿ. ಇದು ನನಗೆ ಇಷ್ಟವಾದ ವಿಷಯ, ಸ್ವಲ್ಪ ಜಾಸ್ತಿ ಮಾತಾಡಿದರೆ ಸಹಿಸಿಕೊಳ್ಳಿ. ಲೋರಾ ಅಂದರೆ ತುಂಬಾ ನಿಧಾನವಾಗಿ, ತುಂಬಾ ಚಿಕ್ಕ ಸುದ್ದಿಯನ್ನು ತುಂಬಾ ದೂರ ಕಳಿಸುವ ರೇಡಿಯೋ. ಮಾತು ಹೋಗಲ್ಲ, ಫೋಟೋ ಹೋಗಲ್ಲ. '17ನೇ ಟ್ಯಾಗು, ಗುಂಡಿ ಒತ್ತಿದೆ, ಬ್ಯಾಟರಿ ಅರ್ಧ ಇದೆ' ಇಷ್ಟು ಹೋಗುತ್ತೆ. ಅಷ್ಟೇ ಸಾಕಲ್ಲ? ಕಣ್ಣಿಗೆ ಅಡ್ಡ ಇಲ್ಲದಿದ್ದರೆ ಕೆಲವು ಕಿ.ಮೀ. ಆರಾಮವಾಗಿ ಮುಟ್ಟುತ್ತೆ. ಸಿಮ್ ಬೇಡ, ಟವರ್ ಬೇಡ. ನಮ್ಮಲ್ಲಿ 865ರಿಂದ 868 ಮೆಗಾಹರ್ಟ್ಜ್ ಇದಕ್ಕೆ ಲೈಸೆನ್ಸ್ ಇಲ್ಲದೆ ಬಳಸಬಹುದು, ಸಾಧನಕ್ಕೆ ಮಾದರಿ ಒಪ್ಪಿಗೆ ಇದ್ದರೆ ಸರಿ. ಚಿತ್ರದುರ್ಗಕ್ಕೆ ಇದು ಹೊಂದೋದು ಯಾಕೆ ಅಂದರೆ, ಬೆಟ್ಟ ಊರಿಗೆ ಅಂಟಿಕೊಂಡೇ ಇದೆ. ಸುದ್ದಿ ಹಿಡಿಯುವ ಪೆಟ್ಟಿಗೆಯನ್ನು ಸ್ಮಾರಕದ ಮೇಲೆ ಕೂರಿಸಬೇಕಾಗಿಯೇ ಇಲ್ಲ. ಊರಿನ ಯಾವುದಾದರೂ ಎತ್ತರದ ಕಟ್ಟಡದ ತಾರಸಿ ಮೇಲೆ, ಬೆಟ್ಟಕ್ಕೆ ಮುಖ ಮಾಡಿ ಇಡಬಹುದು. ಇನ್ನೊಂದು ಬದಿಗೆ ಇನ್ನೊಂದು ತಾರಸಿ. ಆಗಲೂ ಬಂಡೆ ಸಂದಿಯಲ್ಲಿ ಕತ್ತಲು ಇದ್ದೇ ಇರುತ್ತೆ. ಎಷ್ಟು ಕತ್ತಲು ಅಂತ ನಡೆದು ಅಳೆಯದೆ ಯಾರಾದರೂ 'ನೂರಕ್ಕೆ ನೂರು ಕವರೇಜ್' ಅಂದರೆ ಅವರಿಗೆ ಕಾಫಿ ಕೊಟ್ಟು ಕಳಿಸಿಬಿಡಿ.

ಇನ್ನು ಕೈಯಲ್ಲಿ ಈಗಾಗಲೇ ಇರುವ ಸಾಧನ. ಪ್ರತಿ ಗುಂಪಿನಲ್ಲೂ ಹತ್ತಾರು ಫೋನು ಇರುತ್ತವೆ. ಸರ್ಕಾರದ ನಿಯಮದಂತೆ 2017ರ ಜನವರಿಯಿಂದ ಮಾರುವ ಫೋನುಗಳಲ್ಲಿ ಪ್ಯಾನಿಕ್ ಬಟನ್ ಇರಬೇಕು. ಸ್ಮಾರ್ಟ್ ಫೋನಾದರೆ ಪವರ್ ಗುಂಡಿ ಬೇಗ ಬೇಗ ಮೂರು ಸಲ ಒತ್ತೋದು, ಕೆಲವದರಲ್ಲಿ ಐದು ಸಲ. ಗುಂಡಿ ಫೋನಾದರೆ 5 ಅಥವಾ 9 ಒತ್ತಿ ಹಿಡಿಯೋದು. ಬಸ್ಸಿನಲ್ಲೇ ಎಲ್ಲರಿಗೂ ಸೆಟ್ಟಿಂಗ್ ತೆಗೆಸಿ ತೋರಿಸಿ, ಸುಮ್ನೆ ಒತ್ತಿ ನೋಡಬೇಡಿ ಅಂತಲೂ ಹೇಳಿ. 112ಕ್ಕೆ ಇನ್ನೊಂದು ಅನುಕೂಲ ಇದೆ. ನಿಮ್ಮ ಸಿಮ್ಮಿನ ಟವರು ಸಿಗದಿದ್ದರೂ ಬೇರೆ ಕಂಪನಿಯ ಟವರು ಸಿಕ್ಕರೆ ಆ ಕರೆ ಹೋಗುತ್ತೆ. ಮೇಲೆ ನನ್ನ ಫೋನು 'ಎಮರ್ಜೆನ್ಸಿ ಕಾಲ್ಸ್ ಓನ್ಲಿ' ಅಂದಿತು ಅಂದೆನಲ್ಲ, ಅದರ ಅರ್ಥ ಅದೇ. ಜನ ಅದನ್ನು ನೋಡಿ 'ನೆಟ್‌ವರ್ಕ್ ಇಲ್ಲ' ಅಂತ ಫೋನು ಜೇಬಿಗೆ ಹಾಕಿಬಿಡುತ್ತಾರೆ! ನಿಮ್ಮ ಸಿಮ್ಮಿಗೆ ಒಂದು ಕಡ್ಡಿಯಾದರೂ ಇದ್ದು ಕರೆ ನಿಲ್ಲದಿದ್ದರೆ ನಿಮ್ಮವರಿಗೆ ಎಸ್‌ಎಂಎಸ್ ಕಳಿಸಿ ನೋಡಿ. ಮಾತು ಹೋಗದ ಕಡೆ ಎಷ್ಟೋ ಸಲ ಅದು ನುಸುಳಿಕೊಂಡು ಹೋಗುತ್ತೆ.

ಮಳೆಗಾಲದ ಮುಂಚಿನ ಗುಡುಗು-ಸಿಡಿಲಿಗೆ ಮಾತ್ರ ಆ್ಯಪು ನಿಜವಾಗಿ ಕೆಲಸಕ್ಕೆ ಬರುತ್ತೆ. ಏಪ್ರಿಲ್-ಮೇ ಮಧ್ಯಾಹ್ನ ಬೋಳು ಬಂಡೆ ಮೇಲೆ 50 ಜನ ನಿಂತಿರೋದು ನೆನೆಸಿಕೊಂಡರೇ ಭಯವಾಗುತ್ತೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಸುತ್ತಮುತ್ತ ಎಲ್ಲಿ ಸಿಡಿಲು ಬೀಳುತ್ತಿದೆ ಅಂತ ತೋರಿಸುತ್ತೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪೂ ಇದೆ. ರಾಷ್ಟ್ರೀಯ ವಿಪತ್ತು ಪ್ರಾಧಿಕಾರದ 'ಸಚೇತ್' ಎಲ್ಲ ಬಗೆಯ ಎಚ್ಚರಿಕೆಗೆ. ಬೆಟ್ಟ ಹತ್ತುವ ಮುಂಚೆ ನೋಡಿ, ಹತ್ತಿದ ಮೇಲೆ ಕಿವಿಯನ್ನು ನಂಬಿ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗೇ ಇದೆ. ಇಳಿಯಿರಿ. ಬಂಡೆ ಸಂದಿಯ ಬಾಯಲ್ಲಿ, ಒಂಟಿ ಮರದ ಕೆಳಗೆ ನಿಲ್ಲಿಸಬೇಡಿ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆದ ಮೇಲೆ ಮತ್ತೆ ಹತ್ತುವ ಮಾತು.

ಹೆಜ್ಜೇನಿಗೆ ಆ್ಯಪೂ ಇಲ್ಲ, ಬ್ಯಾಂಡೂ ಇಲ್ಲ. ಬಂಡೆಗೆ ಕಟ್ಟಿದ ಗೂಡುಗಳು ಯಾವ ತಿಂಗಳು ಎಲ್ಲಿವೆ ಅಂತ ಗೈಡುಗಳಿಗೆ ಗೊತ್ತಿರುತ್ತೆ, ನಿಮ್ಮ ನಂಬರಿನ ಹಾಳೆಯಲ್ಲಿ ಅದನ್ನೂ ಗುರುತು ಹಾಕಿ. ಕಂಪನಿಯವರ ಕೊಟೇಶನ್ನಿನಲ್ಲಿ ಡ್ರೋನ್ ಇದ್ದರೆ ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ. ಸಂರಕ್ಷಿತ ಸ್ಮಾರಕದ ಮೇಲೆ ಹಾರಿಸಲು ಅನುಮತಿ ಬೇಕು ಅನ್ನೋದು ಒಂದು ಕಾರಣ. ಹೆಜ್ಜೇನಿನ ಗೂಡಿನ ಹತ್ತಿರ ಅದರ ಸದ್ದು ಏನು ಮಾಡಬಹುದು ಅನ್ನೋದು ಇನ್ನೊಂದು, ಮೊದಲನೆಯದಕ್ಕಿಂತ ದೊಡ್ಡದು.

ಉಳಿದ ಜಾಗಗಳಿಗೆ ಇದೇ ಮದ್ದು ನಡೆಯಲ್ಲ. ಜೋಗಿಮಟ್ಟಿ ವನ್ಯಜೀವಿ ಧಾಮ. ಚಿರತೆ, ಕರಡಿ ಓಡಾಡುವ ಕಾಡು. ಅಲ್ಲಿ ಅರಣ್ಯ ಇಲಾಖೆಯವರ ಹತ್ತಿರ ಒಳಗೆ ಹೋದ ಹೊತ್ತು, ಹೊರಗೆ ಬರುವ ಹೊತ್ತು, ತಲೆ ಲೆಕ್ಕ ಬರೆಸೋದೇ ಮೊದಲ ರಕ್ಷಣೆ. ನಕ್ಷೆಯನ್ನು ಮುಂಚೆಯೇ ಫೋನಿಗೆ ಇಳಿಸಿಕೊಳ್ಳಿ, ಜಿಪಿಎಸ್‌ಗೆ ಇಂಟರ್ನೆಟ್ ಬೇಡ.

ಮಾರಿಕಣಿವೆ ಬೇರೆಯೇ ಕಥೆ. 1907ರಲ್ಲಿ ಮುಗಿದ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ 2022ರವರೆಗೂ ಇಲ್ಲ. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಮೂರು ತಲೆಮಾರು ಕಾಣದಿದ್ದ ನೀರನ್ನು ನೋಡಲು ಜನ ಮುಗಿಬಿದ್ದರೆ ತಪ್ಪೇನು? ಆದರೆ ಕೋಡಿ ನೀರಿನ ಪಾಚಿ ಹಿಡಿದ ಕಲ್ಲಿನ ಮೇಲೆ ಸೆಲ್ಫಿಗೆ ಇಳಿಯುವವರನ್ನು ಸೆನ್ಸರ್ ತಡೆಯಲ್ಲ. ನೀರಿನ ಮಟ್ಟ ಅಳೆಯುವ ರೇಡಾರ್ ಸೆನ್ಸರು ಅಣೆಕಟ್ಟು ನಡೆಸುವವರಿಗೆ ಬೇಕು, ನಾನೇ ಇಂಥವನ್ನು ಕೂರಿಸಿದ್ದೇನೆ. ನಿಮಗೆ ಬೇಕಾದ್ದು ಅಂದಿನ ನೀರಿನ ಸ್ಥಿತಿ ಕೇಳಲು ಅಲ್ಲಿನ ಸಿಬ್ಬಂದಿಯ ಪರಿಚಯ, ಬಸ್ಸಿನಲ್ಲಿ 20 ಮೀಟರ್ ಹಗ್ಗ, ಒಂದು ತೇಲುವ ಟ್ಯೂಬು. ಚನ್ನಗಿರಿ ಕಡೆ ಸೂಳೆಕೆರೆಗೆ ಹೋದರೂ ಇದೇ ಮಾತು. ಕೋಟೆಯ ಹೊಂಡಗಳಿಗೂ ಇದೇ.

ಅಂದ ಹಾಗೆ, ನಾಯಕನಹಟ್ಟಿ ತೇರಿಗೆ ಗುಂಪು ಕರೆದೊಯ್ಯುವವರಾದರೆ ಒಂದು ಎಚ್ಚರಿಕೆ. ಅಷ್ಟು ಜನ ಒಂದೇ ಕಡೆ ಸೇರಿದರೆ ಟವರು ತುಂಬಿಹೋಗುತ್ತೆ. ಕಡ್ಡಿ ತುಂಬ ಇರುತ್ತೆ, ಕರೆ ಹೋಗಲ್ಲ. ಆಗ ಎಲ್ಲ ಬ್ಯಾಂಡುಗಳೂ ಒಟ್ಟಿಗೆ ಮೂಕಾಗುತ್ತವೆ. 2025ರ ಜನವರಿ 29ರಂದು ಪ್ರಯಾಗರಾಜದ ಕುಂಭಮೇಳದಲ್ಲಿ ಕಾಲ್ತುಳಿತವಾಯಿತು. ಕೃತಕ ಬುದ್ಧಿಮತ್ತೆಯ ಕ್ಯಾಮೆರಾಗಳು ಅಲ್ಲೂ ಇದ್ದವು. ಒಂದು ಚದರ ಮೀಟರಿನಲ್ಲಿ ಐದಾರು ಜನ ಆದ ಮೇಲೆ ಯಾರೂ ತಮ್ಮ ಕಾಲ ಮೇಲೆ ತಾವು ನಡೆಯುತ್ತಿರೋದಿಲ್ಲ, ಗುಂಪು ನೀರಿನ ಹಾಗೆ ಹರಿಯುತ್ತೆ. ಎರಡೂ ಬದಿಯವರ ಭುಜ ನಿಮಗೆ ತಾಗುತ್ತಿದ್ದರೆ ಅದೇ ಅಲಾರಂ. ತೇರಿನ ಹಾದಿ ಬಿಟ್ಟು ಪಕ್ಕಕ್ಕೆ ಸರಿಯಿರಿ. ಎಲ್ಲರೂ ಎಲ್ಲಿ, ಎಷ್ಟು ಹೊತ್ತಿಗೆ ಸೇರಬೇಕು ಅಂತ ಮುಂಚೆಯೇ ಹೇಳಿಡಿ.

ಆದರೆ ನನ್ನನ್ನು ಕೇಳಿದರೆ ನಿಮ್ಮ ಮಕ್ಕಳಿಗೆ ಅತಿ ದೊಡ್ಡ ಅಪಾಯ ಇರೋದು ಕೋಟೆಯಲ್ಲೂ ಅಲ್ಲ, ಕಾಡಲ್ಲೂ ಅಲ್ಲ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ. ರಾತ್ರಿಯಿಡೀ ಓಡಿಸಿಕೊಂಡು ಬಂದು ಬೆಳಗ್ಗೆ ಐದಕ್ಕೆ ಮುಟ್ಟುವ ಬಸ್ಸಿನ ಡ್ರೈವರಿನ ಕಣ್ಣು ನೋಡಿದ್ದೀರಾ? ಕೇಂದ್ರದ ನಿಯಮದ ಪ್ರಕಾರ 2019ರಿಂದ ಹೊಸದಾಗಿ ನೋಂದಣಿಯಾಗುವ ಪ್ರಯಾಣಿಕರ ಬಸ್ಸು, ಟ್ಯಾಕ್ಸಿಗಳಲ್ಲಿ ಜಾಗ ತೋರಿಸುವ ಸಾಧನ, ಪ್ಯಾನಿಕ್ ಗುಂಡಿ ಇರಬೇಕು. ಬಸ್ಸು ಬಾಡಿಗೆಗೆ ಹಿಡಿಯುವ ಮುಂಚೆ ಅದು ಕೆಲಸ ಮಾಡುತ್ತಾ ಅಂತ ಕೇಳಿ. ಅದೇ ಸಾಧನ ವೇಗವನ್ನೂ, ನಿಲ್ಲದೆ ಓಡಿಸಿದ ಗಂಟೆಗಳನ್ನೂ ಹೇಳುತ್ತೆ. ಆ ವರದಿ ಕೊಡಲು ಒಪ್ಪುವ ಮಾಲೀಕರಿಗೆ ಸಾವಿರ ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹೆದ್ದಾರಿಯಲ್ಲಿ ಕೆಟ್ಟು ನಿಂತರೆ 1033.

ಇಷ್ಟಾದ ಮೇಲೂ ಬ್ಯಾಂಡೇ ಬೇಕು ಅನಿಸಿದರೆ, ಮಕ್ಕಳ ವಿಷಯ ನೆನಪಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಅಪ್ಪ-ಅಮ್ಮನ ಒಪ್ಪಿಗೆ ಕೇಳುತ್ತೆ. ಬ್ಯಾಂಡಿನಲ್ಲಿ ಸೇರುವ ಎದೆಬಡಿತ, ಓಡಾಟದ ದಾಖಲೆ ಯಾರ ಸರ್ವರಿನಲ್ಲಿ ಇರುತ್ತೆ, ಪ್ರವಾಸ ಮುಗಿದು ಎಷ್ಟು ದಿನಕ್ಕೆ ಅಳಿಸುತ್ತಾರೆ, ಒಪ್ಪಂದದಲ್ಲಿ ಬರೆಸಿಕೊಳ್ಳಿ. 'ನೋಡ್ತೀವಿ ಸಾರ್' ಅನ್ನೋದು ಉತ್ತರ ಅಲ್ಲ.

ಕಂಪನಿಯವರಿಗೆ ಈಗ ಹೀಗೆ ಹೇಳಿ ಕಳಿಸಿ: 'ಹತ್ತು ಬ್ಯಾಂಡು ತನ್ನಿ, ಒಂದು ಭಾನುವಾರ ಮಧ್ಯಾಹ್ನ ಕೋಟೆಗೆ ಬನ್ನಿ. ಐದನ್ನು ನಮ್ಮ ಗೈಡುಗಳ ಕೈಗೆ ಕಟ್ಟಿ ಅವರಿಗೆ ಇಷ್ಟಬಂದ ಕಡೆ ನಿಲ್ಲಿಸುತ್ತೇವೆ. ನೀವು ಕೆಳಗೆ ಬಾಗಿಲಲ್ಲಿ ಕೂತು ಫೋನು ನೋಡಿಕೊಂಡು ಒಬ್ಬೊಬ್ಬರನ್ನಾಗಿ ಹುಡುಕಿಕೊಂಡು ಬನ್ನಿ. ಹೊತ್ತು ನಾವು ಬರೆದುಕೊಳ್ಳುತ್ತೇವೆ.' ಐವರಲ್ಲಿ ನಾಲ್ವರನ್ನು ಇಪ್ಪತ್ತು ನಿಮಿಷದೊಳಗೆ ಮುಟ್ಟಿದರೆ ನನಗೂ ತಿಳಿಸಿ. ಈ ಉತ್ತರವನ್ನು ನಾನೇ ತಿದ್ದಿ ಬರೆಯುತ್ತೇನೆ. ಒಪ್ಪಿಕೊಂಡು ಬಂದರೆ ದಿನ ಮುಂಚೆಯೇ ಹೇಳಿ, ನೋಡಲು ನಾನೂ ಬರುತ್ತೇನೆ. ಈ ಸಲ ಚಾರ್ಜರ್ ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದುಕೊಂಡು.